ಗಂಟೆಗೆ 14 ಸೆಂಟ್: ಸಮ್ಮಟಿಗೆ ಬೀಸಿದ ಆಗಸ್ಟ್ ಸ್ಯಾಂಡ್‌ಬರ್ಗ್‌ನ ಸಂಸಾರ (ಒಂದು ಪ್ರಕರಣ ಅಧ್ಯಯನ)

ಕುಲುಮೆ ಕೆಲಸಕ್ಕೆ ಇಬ್ಬರು ಬೇಕು. ಒಬ್ಬ ಇಕ್ಕಳದಲ್ಲಿ ಕಾದ ಕಬ್ಬಿಣ ಹಿಡಿಯುತ್ತಾನೆ. ಏಟು ಎಲ್ಲಿ ಬೀಳಬೇಕು ಎಂದು ಚಿಕ್ಕ ಸುತ್ತಿಗೆಯಿಂದ ತಟ್ಟಿ ತೋರಿಸುತ್ತಾನೆ. ಇನ್ನೊಬ್ಬ ಅದೇ ಜಾಗಕ್ಕೆ ಸಮ್ಮಟಿಗೆ ಬೀಸುತ್ತಾನೆ. ನಮ್ಮ ಕಡೆ ಸಂತೆಯ ಹತ್ತಿರ ಕುಲುಮೆ ಹೂಡುವ ಅಲೆಮಾರಿ ಕಮ್ಮಾರರನ್ನು ನೋಡಿದವರಿಗೆ ಇದು ಗೊತ್ತು. ಗಂಡ ಇಕ್ಕಳ ಹಿಡಿದರೆ ಹೆಂಡತಿ ಸಮ್ಮಟಿಗೆ ಹಿಡಿದಿರುತ್ತಾಳೆ. ಇಬ್ಬರಲ್ಲಿ ಕಮ್ಮಾರ ಅನ್ನಿಸಿಕೊಳ್ಳುವವನು ಇಕ್ಕಳ ಹಿಡಿದವನು ಮಾತ್ರ.

ಆಗಸ್ಟ್ ಸ್ಯಾಂಡ್‌ಬರ್ಗ್ ಎರಡನೆಯವನು. ಸ್ವೀಡನ್‌ನಿಂದ ಅಮೆರಿಕಕ್ಕೆ ಬಂದು, ಇಲಿನಾಯ್ ರಾಜ್ಯದ ಗೇಲ್ಸ್‌ಬರ್ಗ್ ಎಂಬ ರೈಲ್ವೆ ಊರಿನಲ್ಲಿ ನೆಲೆ ನಿಂತ. ಚಿಕಾಗೋ, ಬರ್ಲಿಂಗ್ಟನ್ ಅಂಡ್ ಕ್ವಿನ್ಸಿ ರೈಲ್ವೆಯ ಕಮ್ಮಾರಶಾಲೆಯಲ್ಲಿ ವರ್ಷಗಟ್ಟಲೆ ಸಮ್ಮಟಿಗೆ ಬೀಸಿದ. ಕಮ್ಮಾರನ ಸಹಾಯಕನಾಗಿ ಸೇರಿದವನು ಸಹಾಯಕನಾಗಿಯೇ ಉಳಿದ. ಬಡ್ತಿ ಇಲ್ಲ. ಆದರೂ ಏಳು ಮಕ್ಕಳ ಆ ಸಂಸಾರ ಬಾಡಿಗೆ ಮನೆಯವರಾಗಿ ಉಳಿಯಲಿಲ್ಲ, ಬಾಡಿಗೆ ವಸೂಲು ಮಾಡುವವರಾದರು. ಹೇಗೆ, ಮತ್ತು ಅದಕ್ಕೆ ಯಾರು ಏನು ತೆತ್ತರು ಅನ್ನುವುದನ್ನು ಈ ಪ್ರಕರಣದಲ್ಲಿ ನೋಡೋಣ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆಗಸ್ಟ್ ತನ್ನ ಬಗ್ಗೆ ಒಂದು ಸಾಲೂ ಬರೆದಿಲ್ಲ. ನಮಗೆ ಸಿಗುವುದೆಲ್ಲ ಹೆಚ್ಚುಕಮ್ಮಿ ಮಗ ಕಾರ್ಲ್‌ನ ನೆನಪು. ಈ ಕಾರ್ಲ್ ಸ್ಯಾಂಡ್‌ಬರ್ಗ್ ಮುಂದೆ ಅಮೆರಿಕದ ದೊಡ್ಡ ಕವಿಯಾದ, ಅಬ್ರಹಾಂ ಲಿಂಕನ್‌ನ ಚರಿತ್ರೆ ಬರೆದ. 1953ರಲ್ಲಿ, ತನಗೆ 75 ತುಂಬಿದಾಗ, ಬಾಲ್ಯದ ಕಥೆಯನ್ನು ಪುಸ್ತಕ ಮಾಡಿದ. ಅಪ್ಪನ ಜೊತೆ ಅವನಿಗೆ ಅಷ್ಟಾಗಿ ಕೂಡಿಬರುತ್ತಿರಲಿಲ್ಲ. ಹಾಗಾಗಿ ಇಲ್ಲಿ ಸಾಕ್ಷಿ ಹೇಳುತ್ತಿರುವುದು ಸ್ವಲ್ಪ ಮುನಿಸಿಕೊಂಡ ಮಗ. ಅಮ್ಮನ ಪರ ವಾಲುವ ಮಗ ಕೂಡ.

ಬಂದ ದಾರಿ

ಸ್ವೀಡನ್‌ನಲ್ಲಿ 1867ರಲ್ಲಿ ವಿಪರೀತ ಚಳಿಗೆ ಬೆಳೆ ಹೋಯಿತು. 1868ರಲ್ಲಿ ಬರ ಬಂತು. ಜಮೀನು ಕಡಿಮೆ, ಬಾಯಿ ಜಾಸ್ತಿ. ಹಡಗು ಹತ್ತುವವರ ಸಂಖ್ಯೆ ಒಮ್ಮೆಲೇ ಏರಿತು. 1850ರಿಂದ 1930ರ ಹೊತ್ತಿಗೆ ಸುಮಾರು 12 ಲಕ್ಷ ಸ್ವೀಡರು ಅಮೆರಿಕಕ್ಕೆ ಹೋದರು. 1900ರಲ್ಲಿ ಇಡೀ ಸ್ವೀಡನ್‌ನ ಜನಸಂಖ್ಯೆ 51 ಲಕ್ಷದ ಆಸುಪಾಸು ಇತ್ತು ಅಂದರೆ ಲೆಕ್ಕ ಹಾಕಿಕೊಳ್ಳಿ.

ಆಗಸ್ಟ್ ಮತ್ತು ಅವನ ಹೆಂಡತಿ ಕ್ಲಾರಾ ಇಬ್ಬರೂ ಒಸ್ಟರ್‌ಯೋಟ್ಲಾಂಡ್ ಪ್ರಾಂತ್ಯದವರು. ಆದರೆ ಅಲ್ಲಿ ಒಬ್ಬರಿಗೊಬ್ಬರು ಪರಿಚಯವಿರಲಿಲ್ಲ. ಕ್ಲಾರಾಳ ಊರಿನ ಹೆಸರು ಅಪ್ಪುನಾ. ಕನ್ನಡದ ಕಿವಿಗೆ ನಮ್ಮ ಪಕ್ಕದೂರಿನ ಹೆಸರೇ ಅನ್ನಿಸುತ್ತದೆ, ಅಲ್ವಾ? ಆಗಸ್ಟ್‌ಗೆ ಅಮೆರಿಕದಲ್ಲಿ ಮೊದಲು ಸಿಕ್ಕಿದ್ದು ನ್ಯೂಯಾರ್ಕ್ ರಾಜ್ಯದ ಹರ್ಕಿಮರ್‌ನ ಚೀಸ್ ಕಾರ್ಖಾನೆಯ ಕೆಲಸ. ಗೇಲ್ಸ್‌ಬರ್ಗ್‌ನಲ್ಲಿ ಮೊದಲೇ ಬಂದು ನೆಲೆಸಿದ್ದ ಸಂಬಂಧಿಯೊಬ್ಬ ಇದ್ದ. ಅವನ ಕರೆಯ ಮೇಲೆ ಪಶ್ಚಿಮಕ್ಕೆ ಬಂದು ರೈಲ್ವೆ ಸೇರಿದ. ಊರಿಂದ ಊರಿಗೆ ಜನ ಹೋಗುವುದು ಇವತ್ತಿಗೂ ಹೀಗೇ. ಮೊದಲು ಹೋದವನು ಒಂದು ಚಾಪೆ, ಒಂದು ಕೆಲಸ ನೋಡಿಟ್ಟು ಕಾಗದ ಹಾಕುತ್ತಾನೆ.

ಗೇಲ್ಸ್‌ಬರ್ಗ್ ಸ್ವೀಡರಿಗೆ ಅಪರಿಚಿತ ಊರಾಗಿರಲಿಲ್ಲ. ಎರಿಕ್ ಯಾನ್ಸನ್ ಎಂಬ ಬೋಧಕ 1846ರಲ್ಲಿ ತನ್ನ ಭಕ್ತರನ್ನು ಕರೆತಂದು ಕಟ್ಟಿದ ಬಿಷಪ್ ಹಿಲ್ ಎಂಬ ನೆಲೆ ಹತ್ತಿರದಲ್ಲೇ ಇತ್ತು. 'ಹೆಮ್‌ಲಾಂಡೆಟ್' ಎಂಬ ಸ್ವೀಡಿಷ್ ಪತ್ರಿಕೆ 1855ರಲ್ಲಿ ಹುಟ್ಟಿದ್ದೇ ಗೇಲ್ಸ್‌ಬರ್ಗ್‌ನಲ್ಲಿ. ಹೆಸರಿನ ಅರ್ಥ ತಾಯ್ನಾಡು. ಆಮೇಲೆ ಅದು ಚಿಕಾಗೋಗೆ ಹೋಯಿತು. ಮುಂದೆ ಸ್ಯಾಂಡ್‌ಬರ್ಗ್ ಮನೆಗೆ ಬರುತ್ತಿದ್ದದ್ದೂ ಅದೇ ವಾರಪತ್ರಿಕೆ. ಇಂಗ್ಲಿಷ್ ಇಲ್ಲದೆಯೂ ಪ್ರಾರ್ಥನೆ, ಪತ್ರಿಕೆ, ಅಂಗಡಿ ವ್ಯವಹಾರ ನಡೆದುಹೋಗುವ ಊರು. ಆಗಸ್ಟ್‌ಗೆ ಇದು ಅನುಕೂಲವೂ ಆಯಿತು, ಮುಂದೆ ಅಡ್ಡಿಯೂ ಆಯಿತು.

ರೈಲ್ವೆ ಕೆಲಸದ ಮೇಲೆ ಬುಶ್ನೆಲ್ ಎಂಬ ಊರಿಗೆ ಹೋದಾಗ ಅಲ್ಲಿನ ಹೋಟೆಲಿನಲ್ಲಿ ಹಾಸಿಗೆ ಹಾಸುವ, ಪಾತ್ರೆ ತೊಳೆಯುವ ಕೆಲಸದಲ್ಲಿದ್ದ ಕ್ಲಾರಾಳನ್ನು ಕಂಡ. 1874ರಲ್ಲಿ ಮದುವೆಯಾಯಿತು.

ಹೆಸರಿನ ಗೋಜಲು

ಆಗಸ್ಟ್ ಮೊದಲು ಸ್ಯಾಂಡ್‌ಬರ್ಗ್ ಆಗಿರಲಿಲ್ಲ, ಜಾನ್ಸನ್ ಆಗಿದ್ದ. ಊರ ತುಂಬ ಆಗಸ್ಟ್ ಜಾನ್ಸನ್‌ಗಳಿದ್ದರು. ಇವನಿಗೆ ಬಂದ ಕಾಗದ ಅವನಿಗೆ, ಅವನದು ಇವನಿಗೆ. ಸಾಕಾಗಿ ಹೆಸರು ಬದಲಾಯಿಸಿಕೊಂಡ. ಸ್ವೀಡನ್‌ನ ಹಳ್ಳಿಗಳಲ್ಲಿ ಅಪ್ಪನ ಹೆಸರಿಗೆ 'ಮಗ' ಎಂದು ಸೇರಿಸಿದರೆ ಮುಗಿಯಿತು, ಮನೆತನದ ಹೆಸರು ಅಂತ ಬೇರೆ ಬೇಕಿರಲಿಲ್ಲ. ಪಾಸ್‌ಪೋರ್ಟ್ ಅರ್ಜಿಯಲ್ಲಿ 'ಲಾಸ್ಟ್ ನೇಮ್' ಎಂಬ ಖಾಲಿ ಚೌಕ ನೋಡಿ ತಲೆ ಕೆರೆದುಕೊಂಡು, ಕೊನೆಗೆ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ತುಂಬಿದ ಕನ್ನಡಿಗರಿಗೆ ಈ ಪಾಡು ಹೊಸದಲ್ಲ.

ಮಗನೂ ಹೆಸರು ಬದಲಾಯಿಸಿಕೊಂಡ, ಆದರೆ ಬೇರೆ ಕಾರಣಕ್ಕೆ. 1878ರ ಜನವರಿ 6ರಂದು, ಈಸ್ಟ್ ಥರ್ಡ್ ಸ್ಟ್ರೀಟಿನ ಮೂರು ಕೋಣೆಯ ಮನೆಯಲ್ಲಿ, ಜೋಳದ ಸಿಪ್ಪೆ ತುಂಬಿದ ಹಾಸಿಗೆಯ ಮೇಲೆ ಹುಟ್ಟಿದ ಮಗುವಿಗೆ ಕಾರ್ಲ್ ಆಗಸ್ಟ್ ಎಂದು ಹೆಸರಿಟ್ಟರು. ಶಾಲೆ ಸೇರಿದ ಮೇಲೆ ಹುಡುಗ ತಾನು ಚಾರ್ಲ್ಸ್ ಅಂದುಬಿಟ್ಟ. ಕಾರ್ಲ್ ಅಂದರೆ 'ಓ, ಇನ್ನೊಬ್ಬ ಬಡ ಸ್ವೀಡಿಷ್ ಹುಡುಗ' ಅಂತ ಗೊತ್ತಾಗಿಬಿಡುತ್ತದೆ. ಜೊತೆಗೆ ಸ್ವೀಡರ ನಾಲಿಗೆಗೆ 'ಚ' ಹೊರಳುತ್ತಿರಲಿಲ್ಲ, 'ಶ' ಆಗಿಬಿಡುತ್ತಿತ್ತು. ಚಾರ್ಲ್ಸ್ ಎಂದು ಸ್ಪಷ್ಟವಾಗಿ ಹೇಳುವುದೇ ಒಂದು ಪರೀಕ್ಷೆ ಪಾಸಾದ ಹಾಗೆ. 1908ರಲ್ಲಿ ಲಿಲಿಯನ್ ಸ್ಟೈಕೆನ್‌ಳನ್ನು ಮದುವೆಯಾದ. ಅವಳೂ ಲಕ್ಸೆಂಬರ್ಗ್‌ನಿಂದ ಬಂದವರ ಮನೆಯ ಮಗಳು. ಆಕೆಯೇ ಒತ್ತಾಯಿಸಿ ಅವನನ್ನು ಮತ್ತೆ ಕಾರ್ಲ್ ಮಾಡಿದಳು.

ದುಡಿಮೆಯ ಲೆಕ್ಕ

ಕಮ್ಮಾರಶಾಲೆಯಲ್ಲಿ ದಿನಕ್ಕೆ 10 ಗಂಟೆ, ವಾರಕ್ಕೆ 6 ದಿನ. ಗಂಟೆಗೆ 14 ಸೆಂಟ್. ಅಂದರೆ ದಿನಕ್ಕೆ 1 ಡಾಲರ್ 40 ಸೆಂಟ್, ವಾರಕ್ಕೆ 8 ಡಾಲರ್ 40 ಸೆಂಟ್. ಒಂದು ದಿನವೂ ತಪ್ಪಿಸದೆ ವರ್ಷವಿಡೀ ದುಡಿದರೆ 437 ಡಾಲರಿಗೆ 20 ಸೆಂಟ್ ಕಮ್ಮಿ. ಮಲಗಿದ ದಿನಕ್ಕೆ ಕೂಲಿ ಇಲ್ಲ.

ಈ ಲೆಕ್ಕ ಇಟ್ಟುಕೊಂಡು ಅವನ 'ಜಿಪುಣತನ' ನೋಡಬೇಕು. ಚಳಿಗಾಲದಲ್ಲಿ ಅಡುಗೆಮನೆಯಲ್ಲಿ ಮಾತ್ರ ಒಲೆ. ಇಡೀ ಸಂಸಾರ ಅಲ್ಲೇ ಕೂರಬೇಕು. ಸೀಮೆಎಣ್ಣೆ ದೀಪದ ಬತ್ತಿ ಸ್ವಲ್ಪ ಜಾಸ್ತಿ ಉರಿದರೆ ಆಗಸ್ಟ್ ಎದ್ದು ಬಂದು ಇಳಿಸುತ್ತಿದ್ದ. ಓದುತ್ತ ಕೂತ ಮಗನಿಗೆ ಇದು ಎಂಥ ಕಿರಿಕಿರಿ ಅನ್ನಿಸಿರಬಹುದು, ನಾವೂ ಊಹಿಸಬಹುದು. ಕರೆಂಟ್ ಬಿಲ್ ನೋಡಿ ಫ್ಯಾನ್ ಆರಿಸುವ ಅಪ್ಪಂದಿರ ಮಕ್ಕಳಲ್ಲವೇ ನಾವು. ಆದರೆ ಗಂಟೆಗೆ 14 ಸೆಂಟ್ ದುಡಿಯುವವನಿಗೆ ಉರಿಯುವ ಬತ್ತಿಯಲ್ಲಿ ತನ್ನ ತೋಳೇ ಉರಿದ ಹಾಗೆ ಕಾಣುತ್ತದೆ.

ಕಮ್ಮಾರನಾಗಿ ಮೇಲೇರಲಿಲ್ಲ ಯಾಕೆ? ಇದು ನನ್ನ ಊಹೆ, ಆದರೆ ಆಧಾರವಿಲ್ಲದ್ದಲ್ಲ. ಆಗಸ್ಟ್‌ಗೆ ಸ್ವೀಡಿಷ್ ಬೈಬಲ್ ಓದಲು ಬರುತ್ತಿತ್ತು. ಬರೆಯಲು ಬರುತ್ತಿರಲಿಲ್ಲ. ನಮ್ಮಲ್ಲಿ ಹೆಬ್ಬೆಟ್ಟು ಒತ್ತುವ ಹಾಗೆ ಅವನು ಕಾಗದದ ಮೇಲೆ ಒಂದು ಗುಣಿಸು ಗುರುತು ಹಾಕುತ್ತಿದ್ದ. ಮನೆಯ ಮಾತು, ಚರ್ಚಿನ ಮಾತು, ಪತ್ರಿಕೆ ಎಲ್ಲ ಸ್ವೀಡಿಷ್. ಇಂಗ್ಲಿಷ್ ಬೇಕಾದದ್ದು ಕೆಲಸದ ಜಾಗದಲ್ಲಿ ಮಾತ್ರ. ಅಲ್ಲಿಯೂ ಸಮ್ಮಟಿಗೆಯವನಿಗೆ ಮಾತು ಬೇಕಿರಲಿಲ್ಲ. ಚಿಕ್ಕ ಸುತ್ತಿಗೆ ತಟ್ಟಿದ ಕಡೆ ಬೀಸಿದರೆ ಆಯಿತು.

ಇನ್ನೊಂದು, ಅವನು ತಕರಾರಿನವನಲ್ಲ. 1888ರ ಫೆಬ್ರವರಿ 27ರಂದು ಇದೇ ಬರ್ಲಿಂಗ್ಟನ್ ರೈಲ್ವೆಯಲ್ಲಿ ಎಂಜಿನ್ ಚಾಲಕರು ಮತ್ತು ಎಂಜಿನ್ನಿನ ಒಲೆಗೆ ಕಲ್ಲಿದ್ದಲು ಹಾಕುವವರು ದೊಡ್ಡ ಮುಷ್ಕರ ಹೂಡಿದರು. ಕಂಪನಿ ಹೊಸಬರನ್ನು ತಂದು ರೈಲು ಓಡಿಸಿತು. ಮರುವರ್ಷದ ಆರಂಭದಲ್ಲಿ ಮುಷ್ಕರ ಸೋತು ಮುಗಿಯಿತು. ಕಮ್ಮಾರಶಾಲೆಯವರು ಅದರಲ್ಲಿ ಇರಲಿಲ್ಲ, ಆಗಸ್ಟ್ ಎಂದಿನಂತೆ ಕೆಲಸಕ್ಕೆ ಹೋದ. ಹೆಚ್ಚು ಸಂಬಳದ ಚಾಲಕರೇ ಕೆಲಸ ಕಳಕೊಂಡದ್ದನ್ನು ಕಂಡವನು ಆಮೇಲೆ ಬಾಯಿ ಬಿಟ್ಟಾನೆಯೇ?

ಸಂಬಳ ಏರದಿದ್ದರೆ ಮನೆ ಕೊಳ್ಳು

ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಇಲ್ಲಿದೆ. ಕೂಲಿ ಏರುವುದಿಲ್ಲ ಅಂತ ಖಾತ್ರಿಯಾದ ಮೇಲೆ ಆಗಸ್ಟ್ ಇನ್ನೊಂದು ದಾರಿ ಹಿಡಿದ. ಮನೆ ಕೊಂಡ. ಮೂರು ಕೋಣೆಯ ಮನೆ ಬಿಟ್ಟು ಇನ್ನೊಂದಕ್ಕೆ, ಅಲ್ಲಿಂದ ಬೆರಿಯನ್ ಸ್ಟ್ರೀಟಿನ ಹತ್ತು ಕೋಣೆಯ ಮನೆಗೆ. ಹತ್ತು ಕೋಣೆ ಅಂದ ಕೂಡಲೇ ಸಿರಿವಂತಿಕೆ ಅಂದುಕೊಳ್ಳಬೇಡಿ. ಒಂದು ಭಾಗದಲ್ಲಿ ತಾವು, ಉಳಿದ ಭಾಗ ಬಾಡಿಗೆಗೆ.

ಇದರ ಅರ್ಥ ಏನೆಂದರೆ, 10 ಗಂಟೆ ಸಮ್ಮಟಿಗೆ ಬೀಸಿ ಬಂದವನಿಗೆ ಮನೆಯಲ್ಲಿ ಎರಡನೇ ಪಾಳಿ. ಮರಗೆಲಸ ಅವನದೇ, ಬಣ್ಣ ಬಳಿಯುವುದು ಅವನದೇ, ಸೂರು ಸೋರಿದರೆ ಹತ್ತುವವನೂ ಅವನೇ. ಹಿತ್ತಲಲ್ಲಿ ಆಲೂಗಡ್ಡೆ, ತರಕಾರಿ. ಜೊತೆಗೆ ದೊಡ್ಡ ಮಗ ಆಳಿನ ಹಾಗೆ ನಿಲ್ಲಬೇಕು. ಕೈ ಚುರುಕಿಲ್ಲದ ಕಾರ್ಲ್‌ಗೆ ಬೈಗುಳ ಬೀಳುತ್ತಿತ್ತು. ಆಗಸ್ಟ್‌ನ ಕಣ್ಣಿಗೆ ಇದು ಕೆಲಸ ಕಲಿಸುವುದು. ಹುಡುಗನ ಕಣ್ಣಿಗೆ ಆಡುವ ಹೊತ್ತು ಹಾಳು. ಇಬ್ಬರದೂ ಸರಿ ಅನ್ನಿಸುತ್ತದೆ ನನಗೆ.

ಆದರೆ ಪೆಟ್ಟು ಬಿದ್ದದ್ದೂ ಇಲ್ಲೇ. ಆಗಸ್ಟ್ ಕೊಂಡಿದ್ದ ಆಸ್ತಿಯೊಂದರ ಮೇಲೆ ಹಳೆಯ ಅಡಮಾನ ಇತ್ತು. ಮಾರಿದವನು ಅದನ್ನು ತೀರಿಸಿರಲಿಲ್ಲ. ವಿಷಯ ಕೋರ್ಟು ಹತ್ತಿತು, ಆಗಸ್ಟ್ ಸೋತ. ಬೆಲೆ ಕೊಟ್ಟು ಕೊಂಡದ್ದಕ್ಕೆ ಮತ್ತೆ ಹಣ ಕಟ್ಟಬೇಕಾಯಿತು. ನಮ್ಮಲ್ಲಿ ಸೈಟು ನೋಡಲು ಹೋದವರು ಮೊದಲು 'ಇ.ಸಿ. (ಆಸ್ತಿಯ ಮೇಲಿನ ಸಾಲ ತೋರಿಸುವ ಪತ್ರ) ತೆಗೆಸಿದ್ರಾ?' ಅಂತ ಕೇಳುತ್ತಾರಲ್ಲ, ಅದು ಸುಮ್ನೆ ಅಲ್ಲ. ಕಬ್ಬಿಣದ ಕಾವು ಬಣ್ಣ ನೋಡಿಯೇ ಹೇಳಬಲ್ಲವನಿಗೆ ಕಾಗದ ಓದಲು ಬರದೆ ಹೋದದ್ದು ದುಬಾರಿಯಾಯಿತು. ಆಮೇಲೆ ಅವನು ಇನ್ನಷ್ಟು ಬಿಗಿಯಾದ, ಇನ್ನಷ್ಟು ಮೌನಿಯಾದ.

ಕ್ಲಾರಾಳ ಖರ್ಚು

ಅವಳಿಗೆ ಕೈಗೆ ಕಾಸು ಸಿಗುವುದೇ ಅಪರೂಪ. ಅಡುಗೆ, ಬಟ್ಟೆ, ಬಾಣಂತನ, ಮಕ್ಕಳು. ಹಿರಿಯವಳು ಮೇರಿ, ಆಮೇಲೆ ಕಾರ್ಲ್, ಮಾರ್ಟ್, ಎಮಿಲ್, ಎಸ್ತರ್, ಫ್ರೆಡ್, ಮಾರ್ಥಾ. ಹೀಗಿರುವಾಗ ಮನೆ ಬಾಗಿಲಿಗೆ ಬಂದ ಪುಸ್ತಕ ಮಾರುವವನಿಂದ ಒಂದು ಪುಸ್ತಕ ಕೊಂಡಳು. ಜಗತ್ತಿನ ಸಂಗತಿಗಳ ಮಾಹಿತಿ ಪುಸ್ತಕ, ಅದೂ ಇಂಗ್ಲಿಷಿನಲ್ಲಿ. ಆಗಸ್ಟ್ ರೇಗಿದ. ದುಡ್ಡು ದಂಡ ಎಂದ. ಕ್ಲಾರಾ ಸುಮ್ಮನಿದ್ದಳು. ಮುಂದೆ ಮತ್ತೊಬ್ಬ ಮಾರುವವನು ಬಂದಾಗ ಮತ್ತೊಂದು ಕೊಂಡಳು.

ಕಾರ್ಲ್ ಆ ಪುಸ್ತಕಗಳನ್ನು ಹರಿದುಹೋಗುವಷ್ಟು ಓದಿದ. ಇಲ್ಲಿ ಅಮ್ಮ ಒಳ್ಳೆಯವಳು, ಅಪ್ಪ ಕೆಟ್ಟವನು ಅಂತ ಹೇಳಿಬಿಡುವುದು ಸುಲಭ. ಆದರೆ ಪುಸ್ತಕ ಇಡಲು ಒಂದು ಸ್ವಂತ ಮನೆ, ಓದಲು ಒಂದು ದೀಪ ಇದ್ದದ್ದು ಆಗಸ್ಟ್ ಬತ್ತಿ ಇಳಿಸಿದ್ದರಿಂದಲೇ. ಅವಳ ಒಂದೂವರೆ ಡಾಲರಿನ ಧೈರ್ಯದ ಹಿಂದೆ ಅವನ 8 ಡಾಲರ್ 40 ಸೆಂಟ್ ಇತ್ತು.

ಓದಿನ ವಿಷಯದಲ್ಲಿ ಮನೆಯವರು ಒಂದು ಕಠಿಣ ತೀರ್ಮಾನ ತೆಗೆದುಕೊಳ್ಳಬೇಕಾಯಿತು. ಮೇರಿ ಹೈಸ್ಕೂಲಿನಲ್ಲಿದ್ದಳು. ಅವಳಿಗೆ ಪುಸ್ತಕ ಬೇಕು, ನಾಲ್ಕು ಜನರ ಮುಂದೆ ಹೋಗಲು ಬಟ್ಟೆ ಬೇಕು. ಇಬ್ಬರನ್ನು ಓದಿಸುವ ಶಕ್ತಿ ಇರಲಿಲ್ಲ. ಎಂಟನೇ ತರಗತಿ ಮುಗಿಸಿದ 13ರ ಕಾರ್ಲ್ ಶಾಲೆ ಬಿಟ್ಟ. ಅದು 1891. ಮೇರಿ ಓದಿ ಟೀಚರ್ ಆದಳು. ಆ ಕಾಲದಲ್ಲಿ ಹುಡುಗನನ್ನು ಬಿಡಿಸಿ ಹುಡುಗಿಯನ್ನು ಓದಿಸಿದರು ಅನ್ನುವುದನ್ನು ನಾನು ಎರಡು ಸಲ ಓದಿ ಖಾತ್ರಿ ಮಾಡಿಕೊಂಡೆ. ಹುಡುಗನಿಗೆ ದುಡಿಯುವ ತೋಳಿದೆ, ಹುಡುಗಿಗೆ ಟೀಚರ್ ಕೆಲಸ ಸಿಗುತ್ತದೆ ಅನ್ನುವುದು ಅವರ ಲೆಕ್ಕ ಇರಬೇಕು.

ಆ ಎರಡು ವರ್ಷ

1892ರ ಅಕ್ಟೋಬರ್. ಕಾರ್ಲ್‌ಗೆ ಗಂಟಲು ನೋವು ಬಂತು, ಎರಡು ಮೂರು ದಿನ ಮಲಗಿದ, ಎದ್ದ. ಮಾರ್ಟ್‌ಗೂ ಹಾಗೇ. ಆಮೇಲೆ ಚಿಕ್ಕವರಿಬ್ಬರು ಹಾಸಿಗೆ ಹಿಡಿದರು. ಎಮಿಲ್‌ಗೆ ಏಳು ವರ್ಷ, ಫ್ರೆಡ್‌ಗೆ ಎರಡು. ಡಾಕ್ಟರು ಬಂದು ನೋಡಿ ಗಂಟಲಮಾರಿ (ಡಿಫ್ತೀರಿಯಾ) ಎಂದರು. ಬೆಚ್ಚಗಿರಲಿ ಅಂತ ಮಕ್ಕಳನ್ನು ಅಡುಗೆಮನೆಯ ಒಲೆಯ ಹತ್ತಿರ ತಂದು ಮಲಗಿಸಿದರು. ಮೊದಲು ಫ್ರೆಡ್ ಹೋದ. ಅರ್ಧ ಗಂಟೆಗೆ ಎಮಿಲ್.

ಗಂಟಲಮಾರಿಗೆ ಸೀರಮ್ ಔಷಧಿ ಎಲ್ಲರಿಗೂ ಸಿಗುವಂತಾದದ್ದು 1894ರಿಂದ ಈಚೆಗೆ. ಎರಡು ವರ್ಷದ ಅಂತರ.

ಡಾಕ್ಟರ ಫೀಸು, ಎರಡು ಪುಟ್ಟ ಶವಪೆಟ್ಟಿಗೆ, ಹೂಳುವ ಜಾಗ. ಎಲ್ಲಕ್ಕೂ ಸಾಲ. ಕಾರ್ಲ್ ಆಗ ಹಾಲಿನ ಗಾಡಿಯವನ ಹತ್ತಿರ ಕೆಲಸಕ್ಕಿದ್ದ. ಶವಸಂಸ್ಕಾರ ಮುಗಿದ ಮೇಲೆ ಮತ್ತೆ ಅದೇ ಕೆಲಸ. ತಿಂಗಳಿಗೆ 12 ಡಾಲರ್.

ಸಾಲ ತೀರುವ ಮೊದಲೇ 1893ರ ಹಣಕಾಸಿನ ಕುಸಿತ ಬಂತು. ದೇಶದಲ್ಲಿ ಬ್ಯಾಂಕುಗಳು ಮುಚ್ಚಿದವು, ರೈಲ್ವೆ ಕಂಪನಿಗಳು ದಿವಾಳಿಯಾದವು. ಗೇಲ್ಸ್‌ಬರ್ಗ್‌ನ ಕಮ್ಮಾರಶಾಲೆ ಮುಚ್ಚಲಿಲ್ಲ, ಆದರೆ ದಿನದ ಕೆಲಸ 10 ಗಂಟೆಯಿಂದ 4 ಗಂಟೆಗೆ ಇಳಿಯಿತು. ಗಂಟೆಗೆ 14 ಸೆಂಟ್ ಹಾಗೇ ಇದ್ದರೂ ದಿನದ ಕೂಲಿ 56 ಸೆಂಟ್, ವಾರಕ್ಕೆ 3 ಡಾಲರ್ 36 ಸೆಂಟ್. ತಿಂಗಳಿಗೆ ನೋಡಿದರೆ ಹದಿನೈದು ಡಾಲರಿನ ಒಳಗೆ. ಹಾಲು ಹಾಕುವ ಹುಡುಗನ ಸಂಬಳ 12! ಸಮ್ಮಟಿಗೆಗೂ ಹಾಲಿನ ಕ್ಯಾನಿಗೂ ಹೆಚ್ಚು ವ್ಯತ್ಯಾಸ ಉಳಿಯಲಿಲ್ಲ.

ಆಗ ಬೆಣ್ಣೆ ನಿಂತಿತು. ಬ್ರೆಡ್ಡಿಗೆ ಹಂದಿ ಕೊಬ್ಬು ಸವರಿ ಮೇಲೆ ಉಪ್ಪು ಉದುರಿಸಿಕೊಂಡು ತಿಂದರು. ಹಿತ್ತಲ ಆಲೂಗಡ್ಡೆ ಕೈ ಹಿಡಿಯಿತು. ಮನೆ ಕೈಬಿಡಲಿಲ್ಲ. ಇದು ಸಣ್ಣ ಮಾತಲ್ಲ. ಸ್ವಂತ ಮನೆ ಇಲ್ಲದೆ, ಬಾಡಿಗೆ ಕಟ್ಟುವ ಸಂಸಾರವೇ ಆಗಿದ್ದರೆ 56 ಸೆಂಟಿನಲ್ಲಿ ಏನಾಗುತ್ತಿತ್ತು? ಮಗ ಜಿಪುಣತನ ಅಂದದ್ದು ಆ ಚಳಿಗಾಲದಲ್ಲಿ ತಲೆಯ ಮೇಲೆ ಸೂರಾಗಿ ನಿಂತಿತ್ತು.

ಮಗ ಹೊರಟ

ಕಾರ್ಲ್ ಕ್ಷೌರದಂಗಡಿಯಲ್ಲಿ ಬೂಟು ಒರೆಸಿದ, ಇಟ್ಟಿಗೆ ಭಟ್ಟಿಯಲ್ಲಿ ದುಡಿದ, ಚಳಿಗಾಲದಲ್ಲಿ ಮಂಜುಗಡ್ಡೆ ಕತ್ತರಿಸುವ ಕೆಲಸಕ್ಕೆ ಹೋದ. ಯಾವುದರಲ್ಲೂ ನಿಲ್ಲಲಿಲ್ಲ. 1897ರಲ್ಲಿ, 19ರ ವಯಸ್ಸಿನಲ್ಲಿ, ಟಿಕೆಟ್ ಇಲ್ಲದೆ ಗೂಡ್ಸ್ ರೈಲು ಹತ್ತಿ ಪಶ್ಚಿಮಕ್ಕೆ ಹೊರಟ. ಕಾನ್ಸಾಸ್‌ನಲ್ಲಿ ಗೋಧಿ ಕೊಯ್ಲು ಇತ್ತು. ಅಮ್ಮ ಅಪ್ಪಿಕೊಂಡು ಮುತ್ತಿಟ್ಟಳು. ಅಪ್ಪ ಹುಬ್ಬು ಗಂಟಿಕ್ಕಿದ.

ಆ ಗಂಟಿಕ್ಕಿದ ಹುಬ್ಬನ್ನು ಸ್ವಲ್ಪ ಅವನ ಕಡೆಯಿಂದಲೂ ನೋಡೋಣ. ಅವನು ಕೂಲಿ ತಪ್ಪಿಸದೆ ದುಡಿದದ್ದು ಅದೇ ರೈಲ್ವೆಗೆ. ಅವನು ಬೀಸಿದ ಏಟಿನ ಕಬ್ಬಿಣ ಆ ಗಾಡಿಗಳಲ್ಲೇ ಎಲ್ಲೋ ಇತ್ತು. ಮಗ ಈಗ ಕದ್ದು ಹತ್ತುತ್ತಿರುವುದೂ ರೈಲನ್ನೇ. ತಾನು ಒಂದು ದೇಶ ದಾಟಿ ಬಂದದ್ದು ಎಲ್ಲಾದರೂ ನಿಲ್ಲುವುದಕ್ಕೆ, ಮಗ ಹೊರಟಿರುವುದು ಸುಮ್ನೆ ಅಲೆಯುವುದಕ್ಕೆ. ಆದರೆ ಇದನ್ನೆಲ್ಲ ಹೇಳಲು ಅವನ ಬಳಿ ಮಾತಿರಲಿಲ್ಲ. ಇಂಗ್ಲಿಷಿನಲ್ಲಂತೂ ಇಲ್ಲ. ಮಗನಿಗೆ ಸ್ವೀಡಿಷ್ ಬೇಡವಾಗಿತ್ತು. ಒಂದೇ ಅಡುಗೆಮನೆಯಲ್ಲಿ ಕೂತು ಉಂಡವರ ನಡುವೆ ಭಾಷೆ ಹೀಗೆ ನಿಧಾನಕ್ಕೆ ಸವೆಯುವುದನ್ನು ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಮೊಮ್ಮಕ್ಕಳ ಜೊತೆ ಆರು ತಿಂಗಳು ಇದ್ದು ಬಂದ ನಮ್ಮ ಅಜ್ಜ-ಅಜ್ಜಿಯರನ್ನು ಕೇಳಿದರೆ ಚೆನ್ನಾಗಿ ಹೇಳುತ್ತಾರೆ.

ತನ್ನ ಬಾಲ್ಯದ ಬಗ್ಗೆ, ಸ್ವೀಡನ್ ಬಗ್ಗೆ ಆಗಸ್ಟ್ ಮಕ್ಕಳ ಹತ್ತಿರ ಹೆಚ್ಚೇನೂ ಹೇಳುತ್ತಿರಲಿಲ್ಲ. ಮಕ್ಕಳು ಕೇಳುವುದನ್ನೂ ಬಿಟ್ಟರು.

ಆಗಸ್ಟ್ 1910ರಲ್ಲಿ ತೀರಿಕೊಂಡ. ಮಗನ ಹೆಸರು ಆಗಿನ್ನೂ ಯಾರಿಗೂ ಗೊತ್ತಿರಲಿಲ್ಲ. ಚಿಕಾಗೋ ನಗರದ ಮೇಲಿನ ಕವಿತೆ ಅಚ್ಚಾದದ್ದು 1914ರಲ್ಲಿ, ಲಿಂಕನ್ ಚರಿತ್ರೆಗೆ ಪುಲಿಟ್ಜರ್ ಪ್ರಶಸ್ತಿ ಬಂದದ್ದು 1940ರಲ್ಲಿ. ಕ್ಲಾರಾ 1926ರವರೆಗೆ ಬದುಕಿದ್ದಳು. ಲಿಂಕನ್ ಚರಿತ್ರೆಯ ಮೊದಲ ಎರಡು ಸಂಪುಟಗಳು ಆ ವರ್ಷವೇ ಹೊರಬಂದಿದ್ದವು. ಬಾಗಿಲಲ್ಲಿ ನಿಂತು ಪುಸ್ತಕ ಕೊಂಡವಳಿಗೆ ಅಷ್ಟಾದರೂ ಸಿಕ್ಕಿತು.

ಗೇಲ್ಸ್‌ಬರ್ಗ್‌ನಲ್ಲಿ ಈಗ ಸ್ಯಾಂಡ್‌ಬರ್ಗ್ ಮನೆ ಅಂತ ತೋರಿಸುವುದು ಈಸ್ಟ್ ಥರ್ಡ್ ಸ್ಟ್ರೀಟಿನ ಮೂರು ಕೋಣೆಯ ಪುಟ್ಟ ಮನೆಯನ್ನು. 1946ರಲ್ಲಿ ಅದನ್ನು ದುರಸ್ತಿ ಮಾಡಿ ಜನರಿಗೆ ತೆರೆದರು. 1967ರಲ್ಲಿ ಕಾರ್ಲ್ ತೀರಿಕೊಂಡಾಗ ಅವನ ಚಿತಾಭಸ್ಮವನ್ನು ಅದರ ಹಿತ್ತಲ ಬಂಡೆಯ ಕೆಳಗೆ ಇಟ್ಟರು. ಕಾರ್ಲ್ ಇನ್ನೂ ಕೂಸಾಗಿದ್ದಾಗಲೇ ಆಗಸ್ಟ್ ಬಿಟ್ಟುಹೋದ ಮನೆ ಅದು. ಅವನು ಎರಡನೇ ಪಾಳಿ ದುಡಿದು ಸೂರು ಹೊದಿಸಿದ ಹತ್ತು ಕೋಣೆ ಬೆರಿಯನ್ ಸ್ಟ್ರೀಟಿನಲ್ಲಿದ್ದವು. ಪ್ರವಾಸಿಗಳು ಅತ್ತ ಹೋಗುವುದಿಲ್ಲ.